ಮೂವತ್ತೊಂದನೇ ಮೀಟರು

ಇಬ್ರಿ ದಾಟಿ, ಡಾಂಬರು ಮುಗಿದು,
ಚಕ್ರದ ಗುರುತೂ ಮುಗಿಯುವಲ್ಲಿ ನಮ್ಮ ಕ್ಯಾಂಪು.
ಬೆಟ್ಟ ಸೀಳಿ ರಸ್ತೆ ಬರಬೇಕಂತೆ.
ಅದಕ್ಕೆ ಮುಂಚೆ ಬೆಟ್ಟವನ್ನು ಒಂದು ಮಾತು ಕೇಳುವವನು ನಾನು:
ಮೀಟರು ಮೀಟರು ಕೊರೆದು
ಎದ್ದು ಬಂದ ಕಲ್ಲಿನ ಕೋಲುಗಳನ್ನು
ಮರದ ಪೆಟ್ಟಿಗೆಯಲ್ಲಿ ಕೂಸಿನ ಹಾಗೆ ಮಲಗಿಸಿ
ನೆತ್ತಿಗೆ ನಂಬರು ಬರೆಯುತ್ತೇನೆ.

ಕಾವಲಿಗೆ ಖಲ್ಫಾನ್ ಮುದುಕ. ಎರಡೂ ಕಣ್ಣಿಗೆ ಪೊರೆ.
ಕಳ್ಳರು ಬಂದರೆ ಹೇಗೆ ಗೊತ್ತಾಗುತ್ತೆ ಅಂದರೆ
ನಾಯಿಗೆ ಗೊತ್ತಾಗುತ್ತೆ ಅನ್ನುತ್ತಾನೆ. ನಾಯಿ ಇಲ್ಲ.
ಸಂಜೆಗೆ ಹಿತ್ತಾಳೆ ಹೂಜಿಯಲ್ಲಿ ಏಲಕ್ಕಿ ಕಾಫಿ,
ಮೂರು ಖರ್ಜೂರ, ಒಂದು ಕಥೆ.
ಅವನ ಹಿಂದಿ, ನನ್ನ ಅರಬ್ಬಿ, ಎರಡೂ ಕುಂಟು;
ಒಂದರ ಹೆಗಲ ಮೇಲೆ ಇನ್ನೊಂದು ಕೈಯಿಟ್ಟು ನಡೆಯುತ್ತವೆ.

ಕಥೆ ದಿನವೂ ಅದೇ.
ಅವನ ಮುತ್ತಜ್ಜಿಯ ಮೇಕೆಯೊಂದು ತಪ್ಪಿಸಿಕೊಂಡಿತು.
ಹುಡುಕುತ್ತ ರಾತ್ರಿಯಾಗಿ, ಚಳಿಯಾಗಿ,
ಮೂರು ಕಲ್ಲು ಹೂಡಿ ಬೆಂಕಿ ಹಾಕಿದಳು.
ಬೆಳಗ್ಗೆ ನೋಡಿದರೆ ಒಲೆಯ ಕಲ್ಲು ಬೆವರಿತ್ತು, ಹಳದಿಯಾಗಿ.
ಎಲ್ಲಿ, ಎಂದರೆ
"ಬೆಟ್ಟ ಮಂಡಿಯೂರಿದ ಒಂಟೆಯ ಹಾಗೆ ಕಾಣುವಲ್ಲಿ."
ಏಳು ಜನ ಗಂಡಸರು ಹೊರಟರು.
ಹೊತ್ತು ಇಳಿದರೆ ಇಲ್ಲಿ
ಯಾವ ಬೆಟ್ಟ ಮಂಡಿಯೂರುವುದಿಲ್ಲ?
ಆರು ಜನ ತುಟಿಯ ಮೇಲೆ ಉಪ್ಪು ಹೊತ್ತು ಬಂದರು.
ಏಳನೆಯವನ ಚಪ್ಪಲಿ, ಮುಂದಿನ ಮಳೆಗೆ,
ವಾದಿಯ ನೀರಿನಲ್ಲಿ ತಾನೇ ನಡೆದು ಬಂತು.

"ಮೇಕೆ ಏನಾಯ್ತು?" ಎಂದೆ ಒಮ್ಮೆ.
ಅದನ್ನು ಇದುವರೆಗೆ ಯಾರೂ ಕೇಳಿರಲಿಲ್ಲವಂತೆ.
ಬಹಳ ಹೊತ್ತು ನಕ್ಕ.

ನನ್ನದೂ ಒಂದಿತ್ತು, ಹೇಳಲಿಲ್ಲ.
ಹಟ್ಟಿಯ ಗಣಿಯಲ್ಲಿ, ಎರಡು ಸಾವಿರ ಅಡಿ ಕೆಳಗೆ,
ಅಪ್ಪ ಗದ್ದೆಪ್ಪ ಇಪ್ಪತ್ತಾರು ವರ್ಷ ಕಲ್ಲು ಒಡೆದ.
ಮನೆಗೆ ತಂದದ್ದು ಉಗುರಿನೊಳಗಿನ ಧೂಳು, ಎದೆಯೊಳಗಿನ ಧೂಳು.
ಅವ್ವನ ಕೊರಳಲ್ಲಿ ಕರಿಮಣಿ, ಎರಡು ಗುಂಡು. ಅವೂ ತವರಿನವು.
ಕೆಮ್ಮಿನ ನಡುವೆ ಸಂದು ಸಿಕ್ಕಾಗ ಅವನು ಕಲಿಸಿದ ಒಂದೇ ವಿದ್ಯೆ:
"ಹುಸಿ ಬಂಗಾರ ಬಿಸಲಾಗ ಮೆರೀತೈತಿ, ನೆಳ್ಳಾಗ ಸಾಯ್ತೈತಿ.
ಖರೇದು ನೆಳ್ಳಾಗೂ ಹಂಗ ಇರ್ತೈತಿ, ತಮ್ಮಾ."

ಸೋಮವಾರ, ಮಧ್ಯಾಹ್ನ ಎರಡೂವರೆ.
ಮೂವತ್ತೊಂದನೇ ಮೀಟರಿಗೆ ಯಂತ್ರದ ದನಿ ಬದಲಾಯಿತು,
ಅನ್ನದಲ್ಲಿ ಹರಳು ಕಚ್ಚಿದ ಹಾಗೆ.
ಬಂದದ್ದು ಬೆಣಚುಕಲ್ಲು, ಗಿಣ್ಣಿನ ಬಿಳುಪು,
ಅದರೊಳಗೆ ಕೂದಲೆಳೆಯಷ್ಟು...
ಮನ್ನಾನ್ ಡೀಸೆಲ್ ತರಲು ಹೋಗಿದ್ದ.
ಟೊಪ್ಪಿಗೆ ತೆಗೆದು ನೆರಳು ಮಾಡಿದೆ.
ಹಂಗ ಇತ್ತು.
ಮೊಳೆಯಿಂದ ಒತ್ತಿದೆ. ಪುಡಿಯಾಗಲಿಲ್ಲ, ಬಾಗಿತು,
ಹೇಳಿದ ಮಾತು ಕೇಳುವ ಮಗುವಿನಂತೆ.
ತಲೆಯೆತ್ತಿ ನೋಡಿದೆ. ಬೆಟ್ಟ ಒಂಟೆಯ ಹಾಗಿರಲಿಲ್ಲ.
ಯಾವುದರ ಹಾಗೂ ಇರಲಿಲ್ಲ.

"ಏನು ಬಂತು?" ಗುಡಾರದಿಂದ ಖಲ್ಫಾನ್.
"ಕಲ್ಲು, ಚಾಚಾ."
"ಕಲ್ಲೇ ಬರುವುದು."
ಬಟ್ಟಲು ಕೊಡಲು ಚಾಚಿದ ಕೈಗೆ ನನ್ನ ಕೈ ಸಿಕ್ಕಿತು,
ನಡುಗುತ್ತಿದ್ದ ಕೈ.
ಬಿಡಲಿಲ್ಲ. ನಾಡಿ ನೋಡುವವನಂತೆ ಹಿಡಿದುಕೊಂಡು
ಅರಬ್ಬಿಯೂ ಅಲ್ಲದ ಹಿಂದಿಯೂ ಅಲ್ಲದ
ಮೇಕೆ ಕರೆಯುವ ಸದ್ದೊಂದನ್ನು ಮಾಡಿದ,
ಮೆಲ್ಲಗೆ, ಬೆಟ್ಟದ ಕಡೆಗೆ.

ಹನ್ನೊಂದು ವರ್ಷದ ದುಡಿಮೆಗೆ
ಮತ್ರಾ ಪೇಟೆಯಲ್ಲಿ ನಾಲ್ಕು ಬಳೆ ಕೊಂಡವನು ನಾನು.
ರಸೀದಿ ಈಗಲೂ ಪರ್ಸಿನಲ್ಲಿದೆ.
ಲೆಕ್ಕ ಬರುತ್ತೆ ನನಗೆ.

ಆ ರಾತ್ರಿ ದಾಖಲೆ ಪುಸ್ತಕದಲ್ಲಿ ಬರೆದೆ:
ಮೂವತ್ತು: ಕಪ್ಪು ಬಂಡೆ, ಗಟ್ಟಿ.
ಮೂವತ್ತೊಂದು: ಪುಡಿ. ಮಾದರಿ ಕಳೆದಿದೆ.
ಮೂವತ್ತೆರಡು: ಕಪ್ಪು ಬಂಡೆ.

ಬುಧವಾರ ಇಂಜಿನಿಯರು ಬಂದ,
ಪೆಟ್ಟಿಗೆಯಲ್ಲಿ ಎರಡು ಮೊಳ ಖಾಲಿ ಜಾಗದ ಮೇಲೆ
ಬೆರಳಾಡಿಸಿ ಕೇಳಿದ: ಇದೆಲ್ಲಿ ಹೋಯಿತು?

ನಾನು ಬಾಯಿ ತೆರೆಯುವ ಮುಂಚೆ,
ಅವನ ಬಟ್ಟಲಿಗೆ ಒಂದು ಹನಿ ಚೆಲ್ಲದೆ ಕಾಫಿ ಸುರಿಯುತ್ತ
ಕಣ್ಣಿಲ್ಲದ ಖಲ್ಫಾನ್ ಹೇಳಿದ:
"ಮೇಕೆ ತಿಂದಿರಬೇಕು."